ಕೋಚ್‌ಗೆ ಹೇಳಬೇಕಾಗಿದ್ದ ಮಾತು

ಅರಿಸಿನದ ಪೊಟ್ಟಣ

ಜರ್ಮನಿಯ ನೆಲದ ಮೇಲೆ ನಾವು ಆಡಿದ ಮೊದಲ ಮಾತು ಅರಿಸಿನದ ಬಗ್ಗೆ. ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಯೊಬ್ಬ ಶಿವಮಲ್ಲಣ್ಣನ ಚೀಲ ಬಿಚ್ಚಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿದ್ದ ಹಳದಿ ಪುಡಿಯನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ನಾನು ಇಂಗ್ಲಿಷಿನಲ್ಲಿ ಅಡುಗೆಗೆ ಎಂದೆ. ಅದೇ ಹೊತ್ತಿಗೆ ಶಿವಮಲ್ಲಣ್ಣ ಪ್ಯಾಂಟು ಮೇಲೆತ್ತಿ, "ಉಳುಕು, ಉಳುಕು" ಎನ್ನುತ್ತಾ ಕಣಕಾಲಿಗೆ ಪುಡಿ ಹಚ್ಚುವಂತೆ ನಟಿಸಿದರು. ಇಬ್ಬರ ಹೇಳಿಕೆಯೂ ತಾಳೆಯಾಗಲಿಲ್ಲ. ಅಧಿಕಾರಿ ಇನ್ನೊಬ್ಬನನ್ನು ಕರೆದ. ಚೀಲದ ತಳದಿಂದ ಗೋಲ್‌ಕೀಪರ್ ಕೈಗವಸುಗಳು ಹೊರಬಂದ ಮೇಲಷ್ಟೇ ಅವರ ಮುಖ ಸಡಿಲಾಯಿತು. ಪೊಟ್ಟಣವನ್ನು ಒಮ್ಮೆ ಮೂಸಿ, ಚೀಲಕ್ಕೆ ಹಾಕಿ, ಹೋಗಿ ಎಂದರು.

ನಾನು ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿ. ನಮ್ಮೂರಿನ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಕಾರ್ಯದರ್ಶಿ. ಶಿವಮಲ್ಲಣ್ಣ ಚಂದಕವಾಡಿಯ ರೈತರು. ಕ್ಲಬ್ಬು ಹುಟ್ಟಿದ ದಿನದಿಂದ ಅವರೇ ಕೋಚ್. ಹರೆಯದಲ್ಲಿ ತರಕಾರಿ ಲಾರಿಯ ಜೊತೆ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತಾ, ಅಲ್ಲಿನ ಏಳು ಜನರ ಪಂದ್ಯಗಳಲ್ಲಿ ಗೋಲು ಕಾಯುವುದನ್ನು ಕಲಿತವರು. ಅವರ ಬಳಿ ಸರ್ಟಿಫಿಕೇಟು ಎಂಬುದೊಂದಿಲ್ಲ.

ನಮ್ಮನ್ನು ಕರೆಸಿಕೊಂಡವಳು ಹೈಕೆ. ಬಂಡೀಪುರದ ಹಕ್ಕಿಗಳ ಅಧ್ಯಯನಕ್ಕೆಂದು ಬಂದು, ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡಿದ್ದು, ಸಂಜೆ ನಮ್ಮ ಹುಡುಗಿಯರ ಜೊತೆ ಆಡುತ್ತಿದ್ದವಳು. ಈಗ ತನ್ನ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಚೇರಿ ನೋಡಿಕೊಳ್ಳುತ್ತಾಳೆ. ದೊಡ್ಡ ಕ್ಲಬ್ಬಲ್ಲ, ಅಲ್ಲಿನ ಮೂರನೇ ದರ್ಜೆಯ ಲೀಗಿನದು. ಆದರೂ ಆಟಗಾರರೆಲ್ಲ ಸಂಬಳದವರೇ. ಊರಿನ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ.

"ಬನ್ನಿ ಮೇಡಂ, ಬನ್ನಿ ಅಣ್ಣ. ಊಟ ಆಯ್ತಾ? ಓಗನ?" ಎಂದು ಹೈಕೆ ನಿಲ್ದಾಣದ ಬಾಗಿಲಲ್ಲೇ ಕೂಗಿದಾಗ ಸುತ್ತಲಿನವರು ತಿರುಗಿ ನೋಡಿದರು. ಅವಳಿಗೆ ಕನ್ನಡ ಕಲಿಸಿದವರು ಶಿವಮಲ್ಲಣ್ಣ.

ಇಷ್ಟೆಲ್ಲ ಸಂಭ್ರಮದ ನಡುವೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಹೊರಡುವ ವಾರದಲ್ಲಿ ನಮ್ಮ ಕಮಿಟಿ ಸೇರಿತ್ತು. ಮುಂದಿನ ವರ್ಷ ರಾಜ್ಯದ ಲೀಗಿಗೆ ಹೋಗಬೇಕಾದರೆ ಸರ್ಟಿಫಿಕೇಟು ಇರುವ ಕೋಚ್ ಬೇಕೇ ಬೇಕು. ಬತ್ತೇರಿಯ ಒಬ್ಬ ಹೆಣ್ಣುಮಗಳು ಒಪ್ಪಿದ್ದಾಳೆ. ಶಿವಮಲ್ಲುವನ್ನು ಬಿಡೋಣ ಎಂದು ತೀರ್ಮಾನವಾಯಿತು. ಅಧ್ಯಕ್ಷರು ಈರುಳ್ಳಿ ಮಂಡಿಯ ಮಾದಪ್ಪನವರು. ಕೆಟ್ಟವರಲ್ಲ. "ಪಾಪ, ಫಾರಿನ್ ನೋಡ್ಕಂಡ್ ಬರ್ಲಿ. ಬಂದ್ಮೇಲ ನೀವೇ ಒಂದ್ ಮಾತ್ ಏಳ್ಬುಡಿ ಮೇಡಂ" ಎಂದರು. ನಿರ್ಣಯದ ಕೆಳಗೆ ನಾನೂ ಸಹಿ ಹಾಕಿದ್ದೆ. ಪಕ್ಕದ ಸೀಟಿನಲ್ಲಿ ಶಿವಮಲ್ಲಣ್ಣ ವಿಮಾನದ ಕಿಟಕಿಗೆ ಹಣೆಯಿಟ್ಟು ಮೋಡ ನೋಡುತ್ತಿದ್ದಷ್ಟು ಹೊತ್ತೂ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಕೆಂಪು ದೀಪದ ಊರು

ಆ ಊರಿನ ಜನ ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಮೊದಲ ದಿನವೇ ನಾವು ದಾಟಿಬಿಟ್ಟೆವು. ಆಚೆ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಕೈಯಲ್ಲಿದ್ದ ಛತ್ರಿ ಎತ್ತಿ, ನಮಗೆ ಅರ್ಥವಾಗದ ಭಾಷೆಯಲ್ಲಿ, ಆದರೆ ತೀರಾ ಅರ್ಥವಾಗುವ ದನಿಯಲ್ಲಿ ಬೈದಳು. "ನಮ್ಮೂರ ಹೈವೇಲಿ ಲಾರಿ ಮೈಮ್ಯಾಲ ಬತ್ತಿದ್ರೂವ ನಾವ್ ನಿಲ್ಲಕ್ಕಿಲ್ಲ. ಇಲ್ಲಿ ನೋಡುದ್ರ ಬರದೇ ಇರೋ ಗಾಡಿಗ ಕಾಯ್ತಾ ನಿಂತವ್ರೆ" ಎಂದು ಶಿವಮಲ್ಲಣ್ಣ ಬೆರಗಾದರು. ಮಾರನೆಯ ದಿನದಿಂದ ಅವರೇ ನನ್ನ ಮೊಣಕೈ ಹಿಡಿದು ನಿಲ್ಲಿಸತೊಡಗಿದರು.

ಸಂಜೆಯ ಊಟಕ್ಕೆ ತಣ್ಣಗಿನ ಬ್ರೆಡ್ಡು, ತಣ್ಣಗಿನ ಚೀಸು. ವಸಂತಕಾಲ; ಬೆರಳಿನಂಥ ಬಿಳಿ ತರಕಾರಿಯೊಂದಕ್ಕೆ ಊರಿಗೂರೇ ಮುಗಿಬಿದ್ದಿತ್ತು. ಹೈಕೆ ಅದನ್ನು ಬೇಯಿಸಿ ಬೆಣ್ಣೆ ಸುರಿದು ಕೊಟ್ಟಳು. ಶಿವಮಲ್ಲಣ್ಣ ಎದ್ದು ಹೋಗಿ, ತಮ್ಮ ಚೀಲದಿಂದ ಹುರುಳಿ ಚಟ್ನಿಪುಡಿ ತಂದು ಅದರ ಮೇಲೆ ಉದುರಿಸಿಕೊಂಡರು. ಆಮೇಲೆ ಹೈಕೆಯೂ ತಟ್ಟೆ ಮುಂದೆ ಚಾಚಿದಳು.

ಊರಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಲೀಗಿನಲ್ಲಿ ಎರಡೇ ಪಂದ್ಯ ಉಳಿದಿವೆ. ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು. ಅಲ್ಲಿ ಸಂಬಳ ಕೊಡುವ ತಾಕತ್ತು ಇರುವುದಿಲ್ಲ. ಕಚೇರಿಯ ಅರ್ಧ ಜನ ಮನೆಗೆ ಹೋಗಬೇಕಾಗುತ್ತದೆ. ಬಹುಶಃ ಹೈಕೆಯೂ.

ಮೊದಲ ಶನಿವಾರ

ಮೈದಾನಕ್ಕೆ ಬಂದ ಕೂಡಲೇ ಶಿವಮಲ್ಲಣ್ಣ ಮಂಡಿಯೂರಿ ಹುಲ್ಲನ್ನು ಸವರಿ ನೋಡಿದರು. ನಮ್ಮ ಹುಡುಗಿಯರು ಬೀಳಲು ಹೆದರುವುದು ಏಕೆಂದು ಇಲ್ಲಿ ಬಂದು ಗೊತ್ತಾಯಿತು ಎಂದರು. ನಮ್ಮ ತಾಲ್ಲೂಕು ಮೈದಾನದಲ್ಲಿ ಬಿದ್ದರೆ ಮಂಡಿಯ ಚರ್ಮ ಅಲ್ಲೇ ಉಳಿಯುತ್ತದೆ.

ಪಂದ್ಯ ಶುರುವಾಯಿತು. ನಿಂತೇ ನೋಡುವ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಒಂದೇ ಉಸಿರಿನಲ್ಲಿ ಹಾಡುತ್ತಿದ್ದರು. ನಾನು ಆ ಹಾಡಿಗೇ ಮರುಳಾಗಿದ್ದೆ. ಶಿವಮಲ್ಲಣ್ಣ ಮಾತ್ರ ಒಂದು ಕಿವಿಯನ್ನು ಮೈದಾನದತ್ತ ತಿರುಗಿಸಿ, ಕೈ ಅಡ್ಡ ಹಿಡಿದು ಏನನ್ನೋ ಆಲಿಸುತ್ತಿದ್ದರು.

"ಮೇಡಮ್ಮೋರೆ, ಈ ಆಡೋ ಐಕ ಯಾರೂ ಬಾಯೇ ಬುಡ್ತಾ ಇಲ್ಲ ಕಣಿ. ಗೋಲ್ ಕಾಯೋ ಗೋಲಿ ಕೂಗಲ್ಲ, ಅವನ್ ಮುಂದ್ಗಡ ಇರೋ ನಾಕ್ ಜನಾನೂ ಕೂಗಲ್ಲ. ನೋಡ್ತಾ ಇರಿ, ಈಗ ಒಂದ್ ಬಾಲ್ ಬತ್ತದ, ಎಲ್ಲಾರೂ ಇನ್ನೊಬ್ಬ ಓಯ್ತನ ಅಂತ ಸುಮ್ಕ ನಿಂತ್ಕತರ."

ಹಾಗೇ ಆಯಿತು. ಎರಡು ಗೋಲು ಆ ರೀತಿಯಲ್ಲೇ ಬಿದ್ದವು. ಪ್ರತಿ ಸಲವೂ ಆಟಗಾರರ ಕಣ್ಣುಗಳು ಬೇರೆ ಬೇರೆ ಕಡೆ ಹೋದವು. ಒಬ್ಬ ಗೆರೆಯ ಬಳಿ ನಿಂತಿದ್ದ ಕೋಚ್ ಊಲಿಯನ್ನು ನೋಡಿದ. ಇನ್ನೊಬ್ಬ ಅವನ ಸಹಾಯಕನನ್ನು. ಮೂರನೆಯವನು ಕತ್ತೆತ್ತಿ ಮೇಲಿನ ಗಾಜಿನ ಕೋಣೆಯನ್ನು. ಅಲ್ಲಿ ಕ್ಲಬ್ಬಿನ ಆಡಳಿತ ಮಂಡಳಿಯವರು ಕುಳಿತಿದ್ದರು.

ಊಲಿ ಐವತ್ತರ ಆಸುಪಾಸಿನ, ಭುಜ ಬಾಗಿದ ಮನುಷ್ಯ. ಪಂದ್ಯ ಸೋತ ಮೇಲೆ ಎದುರಾಳಿಗಳ ಪ್ರತಿಯೊಬ್ಬ ಆಟಗಾರನ ಕೈ ಕುಲುಕಿ, ಕೊನೆಗೆ ಚೆಂಡು ಹೆಕ್ಕುವವರ ಕೈಯನ್ನೂ ಕುಲುಕಿ ಒಳಗೆ ಹೋದ.

ಮಾರ್ಟಿನ್‌ನ ಗೋಡೆ

ಸೋಮವಾರ ಹೈಕೆ ನಮ್ಮನ್ನು ಕಚೇರಿಗೆ ಕರೆದೊಯ್ದಳು. ಯಾರನ್ನು ಕೊಳ್ಳಬೇಕು, ಯಾರನ್ನು ಕೋಚ್ ಮಾಡಬೇಕು ಎಂದು ನಿರ್ಧರಿಸುವ ಮಾರ್ಟಿನ್ ಎಂಬಾತನ ಕೋಣೆ ಅದು. ಇಂಥವರು ಎತ್ತರದ ಕುರ್ಚಿಯಲ್ಲಿ ಕೂರುತ್ತಾರೆಂದು ನಾನು ತಿಳಿದಿದ್ದೆ. ಆತ ಕಿಟಕಿಯಂಚಿನಲ್ಲಿ ಕೂತು ಸೇಬು ಕೊಯ್ಯುತ್ತಿದ್ದ. ಕಣ್ಣ ಕೆಳಗೆ ಕಪ್ಪು. ನಮಗೂ ಒಂದೊಂದು ಹೋಳು ಕೊಟ್ಟ.

ಗೋಡೆಯ ಮೇಲೆ ಆಟಗಾರರ ಹೆಸರಿನ ಪಟ್ಟಿಗಳು ಮೂರು ಬಣ್ಣಗಳಲ್ಲಿ ಅಂಟಿಕೊಂಡಿದ್ದವು. ಬಣ್ಣ ಯಾಕೆ ಎಂದು ಕೇಳಿದೆ.

"ನಾಲ್ಕು ವರ್ಷದಲ್ಲಿ ಮೂವರು ಕೋಚ್‌ಗಳು" ಎಂದ ಮಾರ್ಟಿನ್. ಹೈಕೆ ಕನ್ನಡಕ್ಕೆ ತರುತ್ತಾ ಹೋದಳು. "ಮೊದಲನೆಯವನಿಗೆ ಎತ್ತರದವರು ಬೇಕಿತ್ತು, ತಂದುಕೊಟ್ಟೆ. ಎರಡನೆಯವನಿಗೆ ವೇಗದವರು ಬೇಕಿತ್ತು, ತಂದುಕೊಟ್ಟೆ. ಊಲಿಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಆಡುವವರು ಬೇಕು. ಕೋಚ್ ಒಂದು ದಿನದಲ್ಲಿ ಹೋಗಿಬಿಡುತ್ತಾನೆ. ಅವನಿಗಾಗಿ ತಂದವರು ಇಲ್ಲೇ ಇರುತ್ತಾರೆ."

"ಮೂರ್ ಮನ ಸಾಮಾನ ಒಂದೇ ಮನಗ ತುಂಬ್ದಂಗ" ಎಂದರು ಶಿವಮಲ್ಲಣ್ಣ. ಹೈಕೆ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದಾಗ ಮಾರ್ಟಿನ್ ಸೇಬು ಕೊಯ್ಯುವುದನ್ನು ನಿಲ್ಲಿಸಿ, ಅವರನ್ನೇ ನೋಡಿ, ತಲೆಯಾಡಿಸಿದ.

ಚಳಿಗಾಲದಲ್ಲಿ ಸೋಲು ಶುರುವಾದಾಗ ಗಾಬರಿಯಿಂದ ಐವರನ್ನು ತಂದದ್ದನ್ನೂ ಆತ ಮುಚ್ಚಿಡಲಿಲ್ಲ. ಐವರನ್ನೂ ವೀಡಿಯೊದಲ್ಲಿ ಮಾತ್ರ ನೋಡಿದ್ದಂತೆ. ಖರ್ಚು ಉಳಿಸಲು ಗೋಲ್‌ಕೀಪರ್‌ಗಳ ತರಬೇತುದಾರನನ್ನು ಬಿಟ್ಟಿದ್ದಂತೆ. ಪಕ್ಕದ ಊರಿನ ಕ್ಲಬ್ಬು ಇವರಿಗಿಂತ ಬಡತನದ್ದು. ಆದರೆ ಒಮ್ಮೆ ಕೆಳಗಿಳಿದಾಗಲೂ ಕೋಚ್‌ನನ್ನು ಬದಲಿಸಲಿಲ್ಲ, ಈಗ ಇವರಿಗಿಂತ ಮೇಲಿದೆ. "ಸೋಲುವಾಗ ಕಚೇರಿಯಲ್ಲಿ ಕೂತವನಿಗೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ. ಸುಮ್ಮನಿರುವುದೂ ಒಂದು ಕೆಲಸ ಎಂದು ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪಲಿಲ್ಲ."

ಹೊರಗೆ ಬರುವಾಗ, ತಂಡದ ಬಟ್ಟೆ ಒಗೆಯುವ ಅಜ್ಜಿ ನಮ್ಮನ್ನು ನಿಲ್ಲಿಸಿ ತನ್ನ ಕೋಣೆ ತೋರಿಸಿದಳು. ಹಿಂದೆಲ್ಲ ಆಟಗಾರರು ಕೊಳೆ ಬಟ್ಟೆಯನ್ನು ಒಂದೇ ಗುಡ್ಡೆಯಾಗಿ ಎಸೆಯುತ್ತಿದ್ದರಂತೆ. ಈಗ ನಾಲ್ಕು ಮೂಲೆಗೆ ನಾಲ್ಕು ಗುಡ್ಡೆ. ಆಕೆ ಬೆರಳು ಮಡಚಿ ಎಣಿಸಿ ತೋರಿಸಿದಳು: ಮೂವರು ಕೋಚ್‌ಗಳಿಗೆ ತಂದವರದು ಮೂರು, ಚಳಿಗಾಲದ ಐವರದು ಒಂದು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಬೇಕರಿ

ಬುಧವಾರ ಬೆಳಿಗ್ಗೆ ನಾನೂ ಹೈಕೆಯೂ ಬ್ರೆಡ್ಡಿಗೆ ಹೋದೆವು. ಅಲ್ಲಿ ಬೆಳಗಿನ ಬ್ರೆಡ್ಡು ನಮ್ಮಲ್ಲಿನ ಹಾಲಿನ ಹಾಗೆ. ಬಿಸಿಬಿಸಿ ತಂದರೇ ದಿನ ಶುರು. ನಮ್ಮ ಮುಂದೆ ಊಲಿ ನಿಂತಿದ್ದ. ತಿರುಗಿ, ನನ್ನ ಕೈ ಕುಲುಕಿ, ಚೆನ್ನಾಗಿ ನಿದ್ದೆ ಬಂತೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಕಪಾಟಿನ ಮೇಲಿನ ರೇಡಿಯೊ ಸುದ್ದಿ ಹೇಳುತ್ತಿತ್ತು. ನನಗೆ ತಿಳಿದದ್ದು ಒಂದೇ ಪದ, ಊಲಿಯ ಮನೆತನದ ಹೆಸರು. ಬ್ರೆಡ್ಡು ಎತ್ತುತ್ತಿದ್ದ ಹೆಂಗಸಿನ ಚಿಮಟ ಗಾಳಿಯಲ್ಲೇ ನಿಂತಿತು. ಸಾಲಿನಲ್ಲಿದ್ದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಹೈಕೆ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಕಿವಿಯಲ್ಲಿ ಹೇಳಿದಳು: "ಮೇಡಂ, ಊಲೀನ ತಗದ್ಬುಟ್ಟವ್ರೆ ಅಂತ ರೇಡಿಯೊದಲ್ಲಿ ಏಳ್ತಾವ್ರೆ. ಅವ್ನ್ಗ ಗೊತ್ತಿಲ್ಲ."

ಗೊತ್ತಿಲ್ಲದ್ದು ನಮ್ಮ ಕಣ್ಣ ಮುಂದೆಯೇ ಗೊತ್ತಾಯಿತು. ಊಲಿ ಸ್ವಲ್ಪ ಹೊತ್ತು ಗಾಜಿನ ಹಿಂದಿನ ತಿಂಡಿಗಳನ್ನು ನೋಡುತ್ತಾ ನಿಂತ. ಆಮೇಲೆ "ಎಳ್ಳಿನದು ಇನ್ನೆರಡು" ಎಂದ. ಪೊಟ್ಟಣ ತೆಗೆದುಕೊಂಡ. ನಾನು ಹೊರಗೆ ಹೋಗಲೆಂದು ಬಾಗಿಲನ್ನು ತೆರೆದು ಹಿಡಿದು ಕಾದ. ನನಗಿನ್ನೂ ಬ್ರೆಡ್ಡೇ ಸಿಕ್ಕಿರಲಿಲ್ಲ. ಆದರೂ ಅವನು ಬಾಗಿಲು ಹಿಡಿದಿದ್ದಾನಲ್ಲ ಎಂದು ಹೊರಗೆ ನಡೆದೆ.

ಅವನು ನೇರವಾಗಿ ಮೈದಾನಕ್ಕೆ ಹೋದ. ಅಧಿಕೃತವಾಗಿ ಯಾರೂ ಹೇಳಿಲ್ಲ, ಆದ್ದರಿಂದ ಇವತ್ತು ಅಭ್ಯಾಸ ಇದೆ ಎಂದ. ನಾವು ಹೋಗುವಷ್ಟರಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಅಳತೆ ಮಾಡಿ ಇಡುತ್ತಿದ್ದ. ಫೋನಿನಲ್ಲಿ ಸುದ್ದಿ ಓದಿದ್ದ ಆಟಗಾರರು ಮಾತಿಲ್ಲದೆ ಅವನು ತೋರಿಸಿದ ಕಡೆ ಓಡಿದರು. ಅರ್ಧ ಅಭ್ಯಾಸ ಮುಗಿದ ಮೇಲೆ ಮಾರ್ಟಿನ್ ಓಡುತ್ತಾ ಬಂದ. ಇಬ್ಬರೂ ನಡುಮೈದಾನದಲ್ಲಿ ನಿಂತರು. ಮೊದಲು ಕೈ ಚಾಚಿದವನು ಊಲಿ.

ಆಮೇಲೆ ಕಚೇರಿಯ ಅಡುಗೆಕೋಣೆಯಲ್ಲಿ ಮಾರ್ಟಿನ್ ನನಗೆ ಕಾಫಿ ಬಗ್ಗಿಸುತ್ತಾ ತಾನಾಗಿಯೇ ಇಂಗ್ಲಿಷಿನಲ್ಲಿ ಹೇಳಿದ: "ಭಾನುವಾರವೇ ತೀರ್ಮಾನವಾಗಿತ್ತು. ನಾನೇ ಹೇಳಬೇಕಿತ್ತು. ನೋವಾಗದ ಹಾಗೆ ಹೇಳುವ ಒಂದು ವಾಕ್ಯ ಹುಡುಕುತ್ತಾ ಮೂರು ದಿನ ಕಳೆದೆ. ಅಷ್ಟರಲ್ಲಿ ಮಂಡಳಿಯವರೊಬ್ಬರು ಪತ್ರಕರ್ತನ ಬಳಿ ಬಾಯಿಬಿಟ್ಟರು." ಬಗ್ಗಿಸುತ್ತಿದ್ದ ಕಾಫಿ ಲೋಟ ತುಂಬಿ ತಟ್ಟೆಗೆ ಚೆಲ್ಲಿತು. ನಾನು ಬಟ್ಟೆ ತೆಗೆದುಕೊಂಡು ಒರೆಸಿದೆ. ಬೈಯಲು ನನಗೇನು ಹಕ್ಕಿತ್ತು? ಆತ ಹುಡುಕಿದ್ದು ಮೂರು ದಿನ. ನಾನು ಎರಡು ವಾರದಿಂದ ಹುಡುಕುತ್ತಿದ್ದೆ.

ನದಿಯ ದಂಡೆ

ಅಂದು ಸಂಜೆ ಶಿವಮಲ್ಲಣ್ಣನನ್ನು ನದಿಯ ದಂಡೆಗೆ ಕರೆದುಕೊಂಡು ಹೋದೆ. ಅಲ್ಲಿ ಆ ಕಾಲದಲ್ಲಿ ಊಟದ ಹೊತ್ತಾದರೂ ಬಿಸಿಲಿರುತ್ತದೆ. ಬೆಂಚಿನ ಮೇಲೆ ಕುಳಿತು, ಪೀಠಿಕೆಯಿಲ್ಲದೆ ಹೇಳಿದೆ: ಕಮಿಟಿ ನಿಮ್ಮನ್ನು ಕೋಚ್ ಸ್ಥಾನದಿಂದ ಬಿಟ್ಟಿದೆ, ಬತ್ತೇರಿಯಿಂದ ಹೊಸಬರು ಬರುತ್ತಾರೆ, ಕಾಗದಕ್ಕೆ ನಾನೂ ಸಹಿ ಹಾಕಿದ್ದೇನೆ.

ಅವರು ನೀರಿನ ಕಡೆಗೇ ಮುಖ ಮಾಡಿ ಕೇಳಿದರು:

"ಯಾವತ್ತ್ ಆಯ್ತು ಇದು?"

"ನಾವು ಹೊರಡುವ ವಾರ."

"ಅಂಗಾರ ಇಮಾನ ಅತ್ತುವಾಗ್ಲೂ ನಿಮ್ಗ ಗೊತ್ತಿತ್ತು."

"ಗೊತ್ತಿತ್ತು."

"ಇದ್ನ ಏಳಕ್ಕ ನನ್ನ ಜರ್ಮನಿಗಂಟ ಕರ್ಕಂಡ್ ಬರ್ಬೇಕಾಗಿತ್ತಾ ಮೇಡಮ್ಮೋರೆ? ಗುಂಡ್ಲುಪೇಟ ಬಸ್‌ಸ್ಟ್ಯಾಂಡಲ್ಲಿ ಏಳುದ್ರ ನನ್ಗ ಕೇಳುಸ್ತಿರ್ನಿಲ್ವಾ?"

ತಪ್ಪಾಯಿತು ಎಂದೆ. ಅವರು ಎದ್ದು ನಡೆದರು. ಕೆಂಪು ದೀಪದ ಬಳಿ ನಿಂತರು, ಹಸಿರಾದ ಮೇಲೆ ದಾಟಿದರು. ಆ ಸಲ ನನ್ನ ಮೊಣಕೈ ಹಿಡಿಯಲಿಲ್ಲ.

ಗುರುವಾರ, ಶುಕ್ರವಾರ ಅವರು ನನ್ನೊಡನೆ ಮಾತಾಡಲಿಲ್ಲ. ಬೆಳಿಗ್ಗೆ ಒಬ್ಬರೇ ಮೈದಾನಕ್ಕೆ ಹೋಗುತ್ತಿದ್ದರು. ತಂಡವನ್ನು ಸಹಾಯಕ ಕೋಚ್ ನೋಡಿಕೊಳ್ಳುತ್ತಿದ್ದ. ಅವನ ಅನುಮತಿ ಕೇಳಿ, ನೀಲ್ಸ್ ಎಂಬ ಗೋಲ್‌ಕೀಪರ್‌ನನ್ನು ಮೂಲೆಯ ಕಂಬದ ಬಳಿ ನಿಲ್ಲಿಸಿಕೊಂಡು ಚೆಂಡು ಎಸೆಯುತ್ತಿದ್ದರು ಎಂದು ಹೈಕೆ ಹೇಳಿದಳು. ನೀಲ್ಸ್ ಶಿವಮಲ್ಲಣ್ಣನಿಗಿಂತ ಒಂದೂವರೆ ಅಡಿ ಎತ್ತರ. ಇಬ್ಬರಿಗೂ ಸಾಮಾನ್ಯ ಭಾಷೆಯಿಲ್ಲ. ನಾನು ದೂರದಿಂದ ಕಂಡದ್ದು ಇಷ್ಟೇ: ಶಿವಮಲ್ಲಣ್ಣ ತಮ್ಮ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಇಲ್ಲಿಂದ ಕೂಗು ಎಂದು ತೋರಿಸುತ್ತಿದ್ದರು. "ಬುಡೂ!" ಎಂದು ಕೂಗಿದರು; ಚೆಂಡು ಬಿಡಿ, ಅದು ನನ್ನದು ಎಂದರ್ಥ. ನೀಲ್ಸ್ ನಕ್ಕ. ಅವರು ನಗಲಿಲ್ಲ, ಮತ್ತೆ ಕೂಗಿದರು. ಶುಕ್ರವಾರ ನೀಲ್ಸ್‌ನ ಮುಂದೆ ಆಡುವ ನಾಲ್ವರೂ ಬಂದು ನಿಂತಿದ್ದರು.

ಕೊನೆಯ ಪಂದ್ಯ

ಶನಿವಾರ ಇಡೀ ಊರು ಮೈದಾನದಲ್ಲಿತ್ತು. ಊಲಿಯೂ ಬಂದಿದ್ದ. ಗೌರವದ ಆಸನ ಕೊಡುತ್ತೇವೆಂದರೆ ಒಲ್ಲೆನೆಂದು, ತಾನೇ ಟಿಕೆಟ್ ಕೊಂಡು, ನಿಂತು ನೋಡುವವರ ನಡುವೆ ಕೈಗಳನ್ನು ಜೇಬಿನಲ್ಲಿ ಹಾಕಿಕೊಂಡು ನಿಂತಿದ್ದ. ಸುತ್ತಲಿನವರು ಅವನಿಗೆ ಒಂದಡಿ ಜಾಗ ಬಿಟ್ಟು ನಿಂತಿದ್ದರು.

ಅವತ್ತು ತಂಡ ಚೆನ್ನಾಗಿ ಆಡಿತು. ಗೋಲಿನ ಮುಂದೆ ಎತ್ತರದ ಚೆಂಡೊಂದು ಬಂದಾಗ, ಅಷ್ಟು ಸಾವಿರ ಜನರ ಹಾಡನ್ನು ಸೀಳಿಕೊಂಡು ಒಂದು ಕೂಗು ಕೇಳಿತು: "ಬುಡೂ!" ಮುಂದಿದ್ದ ನಾಲ್ವರೂ ಥಟ್ಟನೆ ತಲೆ ತಗ್ಗಿಸಿದರು. ನೀಲ್ಸ್ ಹಾರಿ ಚೆಂಡು ಹಿಡಿದ. ನಾನು ತಡೆಯಲಾರದೆ ಶಿವಮಲ್ಲಣ್ಣನ ಕಡೆ ತಿರುಗಿದೆ. ಅವರು ಮೈದಾನವನ್ನೇ ನೋಡುತ್ತಿದ್ದರು. ಅಂಗೈ ಮಾತ್ರ ಹೊಟ್ಟೆಯ ಮೇಲಿತ್ತು.

ಒಂದಕ್ಕೊಂದು ಸಮ. ಗೆಲುವು ಬೇಕಿತ್ತು, ಸಮ ಸಾಲದು. ಕ್ಲಬ್ಬು ಕೆಳಗಿಳಿಯಿತು.

ಯಾರೂ ಮನೆಗೆ ಹೋಗಲಿಲ್ಲ. ಆಟಗಾರರು ಹುಲ್ಲಿನ ಮೇಲೆ ಕುಸಿದು ಕೂತರು. ಮಾರ್ಟಿನ್ ಗಾಜಿನ ಕೋಣೆಯಿಂದ ಇಳಿದು ಬಂದು, ಬೇಲಿಯ ಬಳಿ ನಿಂತು, ಒಬ್ಬೊಬ್ಬರೇ ಬಂದು ಬೈದದ್ದನ್ನು ತಲೆಯಾಡಿಸುತ್ತಾ ಕೇಳಿಸಿಕೊಂಡ. ಒಬ್ಬ ಮುದುಕ ಕೂಗಾಡಿ ದಣಿದು, ಕೊನೆಗೆ ಬೇಲಿಯ ಮೇಲೆ ಮಾರ್ಟಿನ್‌ನ ಭುಜಕ್ಕೇ ಹಣೆಯಾನಿಸಿ ಅತ್ತುಬಿಟ್ಟ.

ಶಾಲೆಯ ಹಾಲ್

ಆ ಕ್ಲಬ್ಬಿಗೆ ಮಾಲೀಕನಿಲ್ಲ. ಚಂದಾ ಕಟ್ಟುವ ಊರವರೇ ಒಡೆಯರು. ನಾವು ಹೊರಡುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಶಾಲೆಯೊಂದರ ಆಟದ ಹಾಲ್‌ನಲ್ಲಿ ಸದಸ್ಯರೆಲ್ಲ ಮಡಚುವ ಕುರ್ಚಿಗಳಲ್ಲಿ ಕುಳಿತರು. ಮಾರ್ಟಿನ್ ಎದ್ದು ನಿಂತು, ತಪ್ಪು ನನ್ನದು, ರಾಜೀನಾಮೆ ಕೊಡುತ್ತೇನೆ ಎಂದ. ಬೇಕರಿಯ ಆ ಹೆಂಗಸೂ ಎದ್ದು ನಿಂತಳು. "ತಪ್ಪು ಮಾಡಿದವನು ಓಡಿಹೋದರೆ ಸರಿಮಾಡುವವರು ಯಾರು? ಕೂತು ಸರಿ ಮಾಡು" ಎಂದಳು. ಅವನು ಇರಲಿ ಎನ್ನುವವರು ಹಸಿರು ಚೀಟಿ, ಹೋಗಲಿ ಎನ್ನುವವರು ಕೆಂಪು ಚೀಟಿ ಎತ್ತಬೇಕು.

ಹಸಿರೇ ಹೆಚ್ಚಾಗಿತ್ತು. ಹಿಂದಿನ ಸಾಲಿನಲ್ಲಿ ಹಸಿರು ಚೀಟಿ ಎತ್ತಿದ್ದ ಒಬ್ಬನನ್ನು ಕಂಡು ಮಾರ್ಟಿನ್ ಮುಖ ಮುಚ್ಚಿಕೊಂಡ. ಅದು ಊಲಿ.

ಶಿವಮಲ್ಲಣ್ಣ ನಾಲ್ಕು ದಿನಗಳ ಮೇಲೆ ಮೊದಲ ಸಲ ನನ್ನತ್ತ ತಿರುಗಿದರು. "ಆ ವಯ್ಯ ಯಾಕ ಕೈಯೆತ್ತುದ? ಕೇಳಿ ನೋಡಿ ಮೇಡಮ್ಮೋರೆ."

ಕಾಫಿ ಕುಡಿಯುವಾಗ ಹೈಕೆ ಕೇಳಿದಳು. ಊಲಿ ಭುಜ ಹಾರಿಸಿದ. "ಮಾರ್ಟಿನ್ ಜಾಗಕ್ಕೆ ಹೊಸಬ ಬಂದರೆ ಹುಡುಗರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನನ್ನ ಸಿಟ್ಟಿಗೆ ಅವರು ಯಾಕೆ ಬೆಲೆ ತೆರಬೇಕು?" ಎಂದ. ಪಕ್ಕದಲ್ಲಿ ನಿಂತಿದ್ದ ಮಾರ್ಟಿನ್ ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿದ: "ಇವತ್ತು ಇವರು ನನಗೆ ಕೊಟ್ಟ ಅವಕಾಶವನ್ನು ನಾನು ಇವನಿಗೆ ಕೊಡಲಿಲ್ಲ."

ಗುಂಡ್ಲುಪೇಟೆ

ಊರಿಗೆ ಬಂದ ವಾರವೇ ಕಮಿಟಿ ಸೇರಿತು. ಶಿವಮಲ್ಲಣ್ಣ ಕರೆಯದಿದ್ದರೂ ಬಂದರು. ಮಾದಪ್ಪನವರು ತಡಬಡಿಸಿ, ಕುರ್ಚಿ ಎಳೆದುಕೊಟ್ಟು, ಟೀ ತರಿಸಿದರು. ನಾನು ಒಂದು ಉಪಾಯ ಮಾಡಿಕೊಂಡು ಹೋಗಿದ್ದೆ. ಕಾಗದದಲ್ಲಿ ಬತ್ತೇರಿಯವಳ ಹೆಸರಿರಲಿ, ಮೈದಾನದಲ್ಲಿ ಶಿವಮಲ್ಲಣ್ಣನೇ ಇರಲಿ ಎಂದೆ. ಎಲ್ಲರೂ ನಿರಾಳವಾಗಿ ತಲೆಯಾಡಿಸಿದರು.

"ಬ್ಯಾಡಿ" ಎಂದರು ಶಿವಮಲ್ಲಣ್ಣ. "ಎಸ್ರಿಗೊಬ್ರು, ಕೆಲ್ಸಕ್ಕೊಬ್ರು ಬ್ಯಾಡಿ. ಅಂಗ್ ಮಾಡುದ್ರ ನಮ್ ಐಕ ಅವ್ಳ್ ಮೊಕಾನೂ ನೋಡ್ತವ, ನನ್ ಮೊಕಾನೂ ನೋಡ್ತವ, ನಿಮ್ ಮೊಕಾನೂ ನೋಡ್ತವ. ನಾನ್ ಕಂಡ್ಬಂದಿನಿ. ಆ ಮಗಳೇ ಕೋಚ್ ಆಗ್ಲಿ. ನಾನು ಗೋಲಿಗಳ್ನ ನೋಡ್ಕತಿನಿ. ನನ್ಗೇನಾರ ಏಳೋದಿದ್ರ ಈ ರೂಮಲ್ಲಿ ಏಳ್ತಿನಿ, ಮೈದಾನ್ದಲ್ಲಿ ಏಳಲ್ಲ." ಆಮೇಲೆ ನನ್ನ ಕಡೆ ನೋಡಿ, "ನಿಮ್ಗೇನಾರ ಏಳೋದಿದ್ರೂ ಅಷ್ಟೇ. ಅವತ್ತಿಂದ್ ಅವತ್ಗೇ ಏಳ್ಬುಡಿ" ಎಂದರು.

ಜೂನ್ ಮೊದಲ ವಾರ ಬತ್ತೇರಿಯ ಬಸ್ಸಿನಿಂದ ಶೈನಿ ಇಳಿದಳು. ಇಪ್ಪತ್ತೆಂಟರ ಹುಡುಗಿ, ಅರ್ಧ ಕನ್ನಡ ಅರ್ಧ ಮಲಯಾಳ. ಮೊದಲ ಅಭ್ಯಾಸದಲ್ಲೇ ಹಿಂದೆ ಆಡುವವರನ್ನು ಮುಂದಕ್ಕೆ, ಮುಂದಿನವರನ್ನು ಹಿಂದಕ್ಕೆ ನಿಲ್ಲಿಸಿದಳು. ಹುಡುಗಿಯರಿಗೆ ತಲೆಬುಡ ತಿಳಿಯಲಿಲ್ಲ. ಶಿವಮಲ್ಲಣ್ಣ ಗೆರೆಯಾಚೆ, ನಾನು ಅವರ ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತಿದ್ದೆವು. ಅವರ ತುಟಿ ಅಲುಗುತ್ತಿತ್ತು. ಶೈನಿ ಒಬ್ಬಳನ್ನು ನಿಲ್ಲಿಸಿದ ಜಾಗ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಅಷ್ಟರಲ್ಲಿ ಹರದನಹಳ್ಳಿಯ ಮಂಜುಳ, ಅವರೇ ಮೊದಲ ಬೂಟು ಕಟ್ಟಿಸಿದ ಹುಡುಗಿ, ಮೈದಾನದ ನಡುವಿನಿಂದ ಕೂಗಿದಳು:

"ಸಾ, ನಾನ್ ಎಲ್ಲಿ ನಿಂತ್ಕಳನ ಸಾ?"

ಹನ್ನೊಂದು ಜನವೂ ಅವರನ್ನೇ ನೋಡಿದರು. ಶೈನಿಯೂ ನೋಡಿದಳು.

ಶಿವಮಲ್ಲಣ್ಣ ಮೈದಾನಕ್ಕೆ ಬೆನ್ನು ಮಾಡಿ ತಿರುಗಿ ನಿಂತರು. ಆಮೇಲೆ ಶೈನಿಯ ದನಿ ಕೇಳಿತು, ಮಂಜುಳ ಓಡಿದ ಸದ್ದೂ ಕೇಳಿತು. ಆಟ ಮುಂದುವರಿಯಿತು.

ಅವರು ತಿರುಗಿ ನಿಂತದ್ದು ನನ್ನ ಕಡೆಗೆ. ಆ ಹೊತ್ತಿನ ಅವರ ಮುಖ ಹುಡುಗಿಯರಿಗೆ ಯಾರಿಗೂ ಕಾಣಲಿಲ್ಲ. ನನಗೊಬ್ಬಳಿಗೆ ಕಂಡಿತು.